ದರ್ಜಿಯ ಮಗ ಲ್ಯಾಂಬರ್ಟ್

ನಮ್ಮ ಮಂಡಲದ ಪತ್ರಿಕೆಯಲ್ಲಿ ಪ್ರತಿ ಸಲ ಒಬ್ಬ ಹಿರಿಯರ ಜೀವನಚರಿತ್ರೆ ಇರಬೇಕೆಂಬುದು ರೂಢಿ. ಬಸವಣ್ಣನವರು ಬಂದಿದ್ದಾರೆ, ಗಳಗನಾಥರು ಬಂದಿದ್ದಾರೆ, ವಿಶ್ವೇಶ್ವರಯ್ಯನವರಂತೂ ಎರಡು ಸಲ ಬಂದಿದ್ದಾರೆ. ಈ ಸಲ ಪಾಳಿ ನನ್ನದು. ನಾನು ಯೋಹಾನ್ ಹೈನ್‌ರಿಖ್ ಲ್ಯಾಂಬರ್ಟ್ ಅಂದಾಗ, ಯಾರೋ ಹೊಸ ಕ್ರಿಕೆಟ್ ಆಟಗಾರ ಇರಬೇಕು ಅಂತ ಗೆಳೆಯರು ನಕ್ಕರು. ಗಣಿತ ಓದುವವರಿಗೆ ಈ ಹೆಸರು ಗೊತ್ತು. ಭೌತಶಾಸ್ತ್ರದವರಿಗೆ ಬೆಳಕಿನ ನಿಯಮದ ಜೊತೆಗೆ ಗೊತ್ತು. ನೆಲ ಅಳೆಯುವವರಿಗಂತೂ ದಿನ ಬೆಳಗಾದರೆ ಬೇಕಾದ ಹೆಸರು. ಕನ್ನಡ ಓದುವ ನಮಗೆ ಮಾತ್ರ ಗೊತ್ತಿಲ್ಲ. ಆದರೆ ಕುರ್ಲಾದಲ್ಲಿ ನಾವು ನಿಂತಿರುವ ಈ ನೆಲ ಕಾಗದದ ಮೇಲೆ ಬೀಳುವಾಗ ಎಷ್ಟು ಹಿಗ್ಗಬೇಕು, ಎಷ್ಟು ಕುಗ್ಗಬೇಕು ಅನ್ನೋ ಲೆಕ್ಕವನ್ನ ಸುಮಾರು ಇನ್ನೂರೈವತ್ತು ವರ್ಷದ ಹಿಂದೆ ಬರ್ಲಿನ್ನಿನಲ್ಲಿ ಕೂತು ಹಾಕಿಟ್ಟವನು ಇವನೇ.

ಇವನ ಹತ್ತಿರ ನಾನು ನೇರ ದಾರಿಯಿಂದ ಹೋದವನಲ್ಲ. ನಮ್ಮಪ್ಪ ದರ್ಜಿ. ಕುರ್ಲಾ ಪಶ್ಚಿಮದಲ್ಲಿ, ಸ್ಟೇಷನ್ನಿನ ಗದ್ದಲ ಕೇಳಿಸುವಷ್ಟು ಹತ್ತಿರದ ಓಣಿಯಲ್ಲಿ, ಒಂದು ಮಷೀನು ಮತ್ತು ಒಂದು ಹಲಗೆ ಹಿಡಿಸುವಷ್ಟು ಅಂಗಡಿ. ಮೂಲ ಊರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಖಣಕ್ಕೆ ಹೆಸರಾದ ಊರು; ಊರಲ್ಲಿ ನೇಯುತ್ತಾರೆ, ನಮ್ಮಪ್ಪ ಇಲ್ಲಿ ಅದನ್ನ ಕತ್ತರಿಸಿ ಕುಪ್ಪಸ ಹೊಲಿಯುತ್ತಾನೆ. ಕಾಲೇಜಿನ ಅರ್ಜಿಯಲ್ಲಿ ತಂದೆಯ ಉದ್ಯೋಗ ಅಂತ ಒಂದು ಖಾನೆ ಇರುತ್ತದಲ್ಲ, ಅಲ್ಲಿ ನಾನು ಬಿಜಿನೆಸ್ ಅಂತ ಬರೆದಿದ್ದೆ. ಸುಳ್ಳೇನಲ್ಲ. ಆದರೆ ಯಾಕೆ ಹಾಗೆ ಬರೆದೆ ಅನ್ನೋದು ನನಗೂ ಗೊತ್ತು, ಫಾರಂ ಮೇಲೆ ಸಹಿ ಹಾಕಿದ ಅಪ್ಪನಿಗೂ ಗೊತ್ತು.

ಹೋದ ದೀಪಾವಳಿಯ ಗಡಿಬಿಡಿಯಲ್ಲಿ ಅಪ್ಪನಿಗೆ ನೆರವಾಗೋಣ ಅಂತ ನಾನು ಕತ್ತರಿ ಹಿಡಿದೆ. ಒಬ್ಬ ಅಕ್ಕ ತನ್ನ ಅವ್ವನ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಖಣ ತಂದುಕೊಟ್ಟಿದ್ದಳು. ಎದೆಯ ಸುತ್ತಳತೆ, ಬೆನ್ನಿನ ಅಗಲ, ಉದ್ದ, ಎಲ್ಲಾ ಚೀಟಿಯಲ್ಲಿ ಇತ್ತು. ನಾನು ಅಳತೆಗೆ ಸರಿಯಾಗಿ ಚೌಕಟ್ಟಾಗಿ ಕತ್ತರಿಸಿದೆ. ಎಲ್ಲಾ ಅಂಕಿ ಸರಿ, ಕುಪ್ಪಸ ಮಾತ್ರ ಮೈಗೆ ಕೂಡಲಿಲ್ಲ. ಡಾರ್ಟಿಗೆ ಬಟ್ಟೆ ಬಿಟ್ಟಿರಲಿಲ್ಲ, ಕಂಕುಳಲ್ಲಿ ಎಳೆಯಿತು, ಬೆನ್ನಲ್ಲಿ ಗುಡ್ಡೆಗಟ್ಟಿತು. ಆ ಅಕ್ಕ ಏನೂ ಅನ್ನಲಿಲ್ಲ, ಖಣವನ್ನ ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ಅಪ್ಪ ನನ್ನ ಮುಂದೆ ಒಂದು ಚಿಂದಿ ಹರವಿ, ಬಟ್ಟೆ ಚಪ್ಪಟೆ, ಮೈ ಗುಂಡಗೆ, ಎಲ್ಲೋ ಒಂದು ಕಡೆ ಬಟ್ಟೆ ತಿನ್ನಿಸಲೇಬೇಕು, ಎಲ್ಲಿ ತಿನ್ನಿಸೋದು ಅನ್ನೋದು ಅಷ್ಟೇ ದರ್ಜಿಯ ಕೈಯಲ್ಲಿರೋದು ಅಂತ ತೋರಿಸಿಕೊಟ್ಟ.

ಮುಂದಿನ ವಾರವೇ ಭೂಗೋಳದ ತರಗತಿಯಲ್ಲಿ ನಕ್ಷಾ ಪ್ರಕ್ಷೇಪ ಶುರುವಾಯಿತು. ಗುಂಡಗಿನ ಭೂಮಿಯನ್ನ ಚಪ್ಪಟೆ ಕಾಗದಕ್ಕೆ ಇಳಿಸುವ ವಿದ್ಯೆ. ಆಕಾರ ಉಳಿಸಿದರೆ ವಿಸ್ತೀರ್ಣ ಹೋಗುತ್ತದೆ, ವಿಸ್ತೀರ್ಣ ಉಳಿಸಿದರೆ ಆಕಾರ ಹೋಗುತ್ತದೆ ಅಂತ ಮೇಷ್ಟ್ರು ಹೇಳಿದಾಗ ನನ್ನ ಕಣ್ಣ ಮುಂದೆ ಆ ಖಣ ಬಂತು. ಪುಸ್ತಕದಲ್ಲಿ ಒಂದರ ಹಿಂದೆ ಒಂದು ಲ್ಯಾಂಬರ್ಟ್, ಲ್ಯಾಂಬರ್ಟ್ ಅಂತ ಹೆಸರು. ಯಾರಿವನು ಅಂತ ಹುಡುಕಿದರೆ ಮೊದಲ ಸಾಲಿನಲ್ಲೇ ಸಿಕ್ಕಿತು: ದರ್ಜಿಯ ಮಗ.

ಲ್ಯಾಂಬರ್ಟ್ ಹುಟ್ಟಿದ್ದು 1728ರ ಆಗಸ್ಟಿನಲ್ಲಿ, ಮುಲೂಸ್ ಎಂಬ ಊರಲ್ಲಿ. ಆಗ ಅದು ಸ್ವಿಸ್ ಒಕ್ಕೂಟದ ಜೊತೆ ಸ್ನೇಹವಿಟ್ಟುಕೊಂಡಿದ್ದ ಪುಟ್ಟ ಸ್ವತಂತ್ರ ಪಟ್ಟಣ. 1798ರಲ್ಲಿ ಫ್ರಾನ್ಸಿಗೆ ಸೇರಿತು, 1871ರಲ್ಲಿ ಜರ್ಮನಿಗೆ ಹೋಯಿತು, ಮೊದಲ ಮಹಾಯುದ್ಧ ಮುಗಿದಾಗ ಮತ್ತೆ ಫ್ರಾನ್ಸಿಗೆ ಬಂತು. ಹೀಗಾಗಿ ಲ್ಯಾಂಬರ್ಟನನ್ನ ಸ್ವಿಸ್ಸರೂ ನಮ್ಮವನು ಅಂತಾರೆ, ಜರ್ಮನ್ನರೂ ಅಂತಾರೆ, ಫ್ರೆಂಚರೂ ಅಂತಾರೆ. ಗಡಿ ಊರಿನ ಮಕ್ಕಳ ಪಾಡು ಎಲ್ಲಾ ಕಡೆ ಒಂದೇ. ದೊಡ್ಡವರಾದರೆ ಎಲ್ಲರಿಗೂ ಬೇಕು, ಆಗದಿದ್ದರೆ ಯಾರಿಗೂ ಬೇಡ. ಕಾಲದ ಅಂದಾಜಿಗೆ ಹೇಳುತ್ತೇನೆ: ಅವನು ಹುಟ್ಟಿದಾಗ ನಮ್ಮ ಕುರ್ಲಾ ಇರುವ ಸಾಷ್ಟಿ ದ್ವೀಪ ಪೋರ್ಚುಗೀಸರ ಕೈಯಲ್ಲಿತ್ತು. ಅವನಿಗೆ ಹನ್ನೊಂದು ವರ್ಷ ತುಂಬುವ ಹೊತ್ತಿಗೆ ಮರಾಠರದಾಯಿತು. ಅವನು ಸಾಯುವ ಮೂರು ವರ್ಷ ಮೊದಲು, 1774ರಲ್ಲಿ, ಇಂಗ್ಲಿಷರು ಅದನ್ನ ಹಿಡಿದರು.

ಅಪ್ಪ ಲೂಕಾಸನದು ಬಡತನದ ಸಂಸಾರ. ಮಗ ಹನ್ನೆರಡು ವರ್ಷದವನಾದಾಗ ಶಾಲೆ ಬಿಡಿಸಿ ಹೊಲಿಗೆಗೆ ಕೂರಿಸಿದ. ಹಗಲು ಸೂಜಿ, ರಾತ್ರಿ ಪುಸ್ತಕ. ಗುರು ಇಲ್ಲ, ಶಾಲೆ ಇಲ್ಲ. ಸಿಕ್ಕಿದ್ದನ್ನ ಓದುವುದು, ತಿಳಿಯದಿದ್ದರೆ ಮತ್ತೆ ಓದುವುದು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ ನಮ್ಮ ಹಿರಿಯರು ಹೇಳುವುದನ್ನ ಕೇಳಿದವರಿಗೆ ಇದು ಹೊಸದಲ್ಲ. ಹಗಲೆಲ್ಲಾ ಹೋಟೆಲಿನಲ್ಲಿ ಕಪ್ಪು ತೊಳೆದು ರಾತ್ರಿ ಬೆಂಚಿನ ಮೇಲೆ ತೂಕಡಿಸುತ್ತಾ ಮೆಟ್ರಿಕ್ ಮುಗಿಸಿದ ಹುಡುಗರು ಆ ಪೀಳಿಗೆಯಲ್ಲಿ ಎಷ್ಟೋ ಜನ. ಅವರಿಗಾದರೂ ಒಬ್ಬ ಮೇಷ್ಟ್ರು ಇದ್ದರು. ಈ ಹುಡುಗನಿಗೆ ಅದೂ ಇರಲಿಲ್ಲ.

ಅಕ್ಷರ ಮುತ್ತಿನಂತೆ ಇತ್ತು, ಲೆಕ್ಕ ಬರುತ್ತಿತ್ತು. ಹದಿನೈದಕ್ಕೆ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾದ. ಹದಿನೇಳಕ್ಕೆ ಬಾಸೆಲ್ ಊರಿಗೆ ಹೋಗಿ ಒಂದು ವೃತ್ತಪತ್ರಿಕೆಯ ಸಂಪಾದಕರ ಕಾರ್ಯದರ್ಶಿಯಾದ. ಅಷ್ಟರಲ್ಲಿ 1744ರ ದೊಡ್ಡ ಧೂಮಕೇತು ಬಂದಿತ್ತು. ಊರವರೆಲ್ಲಾ ಬಾಲ ನೋಡಿ ಬೆರಗಾದರೆ ಇವನು ಅದರ ದಾರಿ ಎಣಿಸಲು ಕೂತ. ಅಲ್ಲಿಂದ ಹುಟ್ಟಿದ ಆಸಕ್ತಿ ಮುಂದೆ ಧೂಮಕೇತುಗಳ ಚಲನೆಯ ಬಗ್ಗೆ ಅವನ ಹೆಸರಿನ ಪ್ರಮೇಯವಾಗಿ ನಿಂತಿತು. 1747ರಲ್ಲಿ ಅಪ್ಪ ತೀರಿಕೊಂಡ. ಮರುವರ್ಷ ಲ್ಯಾಂಬರ್ಟ್ ಆಲ್ಪ್ಸ್ ಬೆಟ್ಟದ ನಡುವಿನ ಕೂರ್ ಎಂಬ ಊರಿಗೆ, ಸಾಲಿಸ್ ಎಂಬ ಶ್ರೀಮಂತ ಮನೆತನದ ಮಕ್ಕಳಿಗೆ ಪಾಠ ಹೇಳಲು ಹೋದ.

ಆ ಮನೆಯೇ ಅವನ ಕಾಲೇಜು. ದೊಡ್ಡ ಗ್ರಂಥಾಲಯ, ಬಿಡುವು, ಹೊಟ್ಟೆಗೆ ಚಿಂತೆಯಿಲ್ಲ. ಎಂಟು ವರ್ಷ ಅಲ್ಲಿ ಇದ್ದು, ಆಮೇಲೆ ಶಿಷ್ಯರನ್ನ ಕರೆದುಕೊಂಡು ಗಟಿಂಗೆನ್, ಉಟ್ರೆಕ್ಟ್, ಪ್ಯಾರಿಸ್ ಅಂತ ಎರಡು ವರ್ಷ ತಿರುಗಿದ. ಕೆಲಸ ಮುಗಿದ ಮೇಲೆ ನೆಲೆಯಿಲ್ಲದೆ ಊರೂರು ಅಲೆದ. ಆ ಅಲೆದಾಟದಲ್ಲೇ 1760ರಲ್ಲಿ ಬೆಳಕನ್ನ ಅಳೆಯುವ ಬಗ್ಗೆ ದೊಡ್ಡ ಪುಸ್ತಕ ಬಂತು. ಅಳೆಯಲು ಅವನ ಹತ್ತಿರ ಇದ್ದದ್ದು ಮೇಣದ ಬತ್ತಿ, ಗಾಜು, ಕನ್ನಡಿ, ಕಾಗದ, ಮತ್ತು ತನ್ನದೇ ಕಣ್ಣು, ಅಷ್ಟೇ. ಬೆಳಕಿನ ಹೊಳಪಿನ ಒಂದು ಮಾನಕ್ಕೆ ಇವನ ಹೆಸರೇ ಇದೆ. ವೃತ್ತದ ಸುತ್ತಳತೆಗೂ ವ್ಯಾಸಕ್ಕೂ ಇರುವ ಪೈ ಎಂಬ ಸಂಖ್ಯೆಯನ್ನ ಯಾವ ಭಿನ್ನರಾಶಿಯಾಗಿಯೂ ಬರೆಯಲು ಬರುವುದಿಲ್ಲ ಅಂತ ಮೊದಲು ಸಾಧಿಸಿ ತೋರಿಸಿದವನೂ ಇವನೇ, ಅದೂ 1760ರ ದಶಕದಲ್ಲೇ. ತತ್ವಶಾಸ್ತ್ರದಲ್ಲಿ ಕಾಂಟನ ಜೊತೆ ಪತ್ರವ್ಯವಹಾರ ಇತ್ತು. ಇವೆಲ್ಲಾ ಒಂದೊಂದೇ ಲೇಖನಕ್ಕಾಗುವ ಸರಕು. ನಾನು ನಕ್ಷೆಗೆ ಬರಬೇಕು, ಹಾಗಾಗಿ ದಾಟಿಕೊಂಡು ಹೋಗುತ್ತೇನೆ.

1764ರಲ್ಲಿ ಬರ್ಲಿನ್ನಿಗೆ ಬಂದ. ಅಲ್ಲಿಯ ವಿಜ್ಞಾನ ಅಕಾಡೆಮಿ ಸೇರಬೇಕಾದರೆ ಫ್ರೆಡರಿಕ್ ದೊರೆಯ ಒಪ್ಪಿಗೆ ಬೇಕು. ದೊರೆ ಇವನ ಅವತಾರ ನೋಡಿ ಬೆಚ್ಚಿದ. ಉಡುಗೆ ವಿಚಿತ್ರ, ನಡೆನುಡಿ ಇನ್ನೂ ವಿಚಿತ್ರ. ನಿನಗೆ ಏನೇನು ಬರುತ್ತದೆ ಅಂತ ದೊರೆ ಕೇಳಿದನಂತೆ, ಎಲ್ಲಾ ಬರುತ್ತದೆ ಅಂದನಂತೆ. ಯಾರಿಂದ ಕಲಿತೆ ಅಂದರೆ ನನ್ನಿಂದಲೇ ಅಂದನಂತೆ. ಈ ಕಥೆ ಅಕ್ಷರಶಃ ನಿಜವೋ, ಬರ್ಲಿನ್ನಿನ ಪಂಡಿತರು ನಗಲಿಕ್ಕೆ ಕಟ್ಟಿದ್ದೋ, ಯಾರಾದರೂ ಊಹಿಸಿಕೊಳ್ಳಲಿ. ಜಂಬ ಅಂತ ನನಗೆ ಅನ್ನಿಸುವುದಿಲ್ಲ. ಹನ್ನೆರಡಕ್ಕೆ ಶಾಲೆ ಬಿಟ್ಟವನು ಆ ಪ್ರಶ್ನೆಗೆ ಬೇರೆ ಏನು ಹೇಳಬೇಕಿತ್ತು? ನೇಮಕ ಒಂದಷ್ಟು ತಿಂಗಳು ತಡವಾಯಿತು. 1765ರ ಆರಂಭದಲ್ಲಿ ಕೊನೆಗೂ ಅವನನ್ನ ಒಳಗೆ ತಗೊಂಡರು. ಆಯ್ಲರ್ ಆಗಿನ್ನೂ ಅಲ್ಲೇ ಇದ್ದ. ಪಂಚಾಂಗ ಮಾರಾಟದ ಹಣದ ವಿಷಯದಲ್ಲಿ ಇಬ್ಬರಿಗೂ ಸರಿಹೋಗಲಿಲ್ಲ. 1766ರಲ್ಲಿ ಆಯ್ಲರ್ ರಷ್ಯಕ್ಕೆ ಹೋದ, ಲಗ್ರಾಂಜ್ ಬಂದ.

ಅಲ್ಲಿ ಇದ್ದಾಗ, 1772ರಲ್ಲಿ, ಲ್ಯಾಂಬರ್ಟ್ ತನ್ನ ಗಣಿತ ಬರಹಗಳ ಸಂಪುಟದಲ್ಲಿ ಒಂದು ಪ್ರಬಂಧ ಅಚ್ಚು ಹಾಕಿಸಿದ. ಭೂಮಿಯ ಮತ್ತು ಆಕಾಶದ ನಕ್ಷೆ ಬರೆಯುವ ಕುರಿತ ಟಿಪ್ಪಣಿ ಅಂತ ಸಾದಾ ಹೆಸರು. ಅದರೊಳಗೆ ಏಳು ಹೊಸ ಪ್ರಕ್ಷೇಪ.

ಅವನಿಗಿಂತ ಮೊದಲೂ ನಕ್ಷೆ ಇತ್ತು. 1569ರಲ್ಲಿ ಮರ್ಕೇಟರ್ ಮಾಡಿದ ಲೋಕದ ನಕ್ಷೆ ನಮಗೆಲ್ಲಾ ಗೊತ್ತಿದ್ದದ್ದೇ. ಶಾಲೆಯ ಗೋಡೆಯ ಮೇಲೆ ಅದೇ ತೂಗುತ್ತಿತ್ತು. ನಾವಿಕನಿಗೆ ಅದು ವರ. ದಿಕ್ಸೂಚಿಯ ಒಂದೇ ದಿಕ್ಕಿಗೆ ಹೋಗುವ ದಾರಿ ಅದರ ಮೇಲೆ ನೇರ ಗೆರೆಯಾಗಿ ಬೀಳುತ್ತದೆ. ಅದಕ್ಕೆ ತೆರುವ ಬೆಲೆ ಏನೆಂದರೆ, ಉತ್ತರ ದಕ್ಷಿಣಕ್ಕೆ ಹೋದಂತೆ ನೆಲ ಉಬ್ಬುತ್ತದೆ. ಕುರ್ಲಾದ ಹತ್ತಿರ, 19 ಡಿಗ್ರಿಯಲ್ಲಿ, ವಿಸ್ತೀರ್ಣ ಸಮಭಾಜಕದ ಲೆಕ್ಕಕ್ಕಿಂತ ನೂರಕ್ಕೆ ಹನ್ನೆರಡರಷ್ಟು ಜಾಸ್ತಿ, ಅಷ್ಟೇ. 72 ಡಿಗ್ರಿಯಲ್ಲಿರುವ ಗ್ರೀನ್‌ಲ್ಯಾಂಡಿನ ನಡುಭಾಗ ಹತ್ತು ಪಟ್ಟು ಉಬ್ಬುತ್ತದೆ. ನಿಜವಾಗಿ ಭಾರತ ಅದರ ಒಂದೂವರೆ ಪಟ್ಟು ದೊಡ್ಡದು: 32 ಲಕ್ಷ 87 ಸಾವಿರ ಚದರ ಕಿಲೋಮೀಟರು, ಗ್ರೀನ್‌ಲ್ಯಾಂಡ್ 21 ಲಕ್ಷ 66 ಸಾವಿರ. ಗೋಡೆಯ ನಕ್ಷೆ ನೋಡಿದರೆ ಯಾರೂ ನಂಬಲಾರರು.

ಲ್ಯಾಂಬರ್ಟನಿಗಿಂತ ಮುಂಚಿನವರು ಒಂದೊಂದು ನಕ್ಷೆಗೆ ಒಂದೊಂದು ಉಪಾಯ ಹುಡುಕಿಕೊಂಡಿದ್ದರು. ಇವನು ಉಪಾಯ ಹುಡುಕುವ ಮೊದಲು ಪ್ರಶ್ನೆಯನ್ನ ನೆಟ್ಟಗೆ ಮಾಡಿಕೊಂಡ. ನಕ್ಷೆಯಿಂದ ನಮಗೆ ಏನೇನು ಬೇಕು? ಕೋನ ಕೆಡಬಾರದು, ವಿಸ್ತೀರ್ಣ ಕೆಡಬಾರದು, ದೂರ ಕೆಡಬಾರದು. ಎಲ್ಲಾ ಒಟ್ಟಿಗೆ ಸಿಗೋದಿಲ್ಲ. ಹಾಗಿದ್ದರೆ ಕೋನ ಒಂದೇ ಸಾಕು ಅಂದರೆ ಲೆಕ್ಕ ಹೇಗೆ ಬರುತ್ತದೆ? ವಿಸ್ತೀರ್ಣ ಒಂದೇ ಸಾಕು ಅಂದರೆ? ಹೀಗೆ ಷರತ್ತು ಮೊದಲು, ನಕ್ಷೆ ಆಮೇಲೆ. ಅದೇ 1770ರ ದಶಕದಲ್ಲಿ ಆಯ್ಲರ್, ಯಾವ ನಕ್ಷೆಯೂ ಗೋಳವನ್ನ ತಪ್ಪಿಲ್ಲದೆ ತೋರಿಸಲಾರದು ಅಂತ ಗಣಿತದಿಂದ ಸಾಧಿಸಿದ. ಲಗ್ರಾಂಜ್ ಲ್ಯಾಂಬರ್ಟನ ಕೆಲಸ ಹಿಡಿದು ಮುಂದೆ ಬೆಳೆಸಿದ. 1827ರಲ್ಲಿ ಗೌಸ್ ಅದನ್ನ ಎಲ್ಲ ಬಗೆಯ ಬಾಗಿದ ಮೈಗಳಿಗೂ ಅನ್ವಯಿಸುವಂತೆ ಹೇಳಿ ಮುಗಿಸಿದ. ನಮ್ಮಪ್ಪ ಚಿಂದಿ ಹರವಿ ತೋರಿಸಿದ್ದೂ ಇದನ್ನೇ. ಆದರೆ ಅಪ್ಪನದಕ್ಕೆ ಯಾರೂ ಪ್ರಮೇಯ ಅನ್ನೋದಿಲ್ಲ.

ಏಳರಲ್ಲಿ ನಮಗೆ ಬೇಕಾದ ಮೂರನ್ನ ಹೇಳುತ್ತೇನೆ.

ಮೊದಲನೆಯದು ಶಂಕು. ಭೂಮಿಯ ತಲೆಗೆ ಕಾಗದದ ಟೋಪಿ ಹಾಕಿ, ಅದರ ಮೇಲೆ ನೆಲ ಬರೆದು, ಒಂದು ಕಡೆ ಕತ್ತರಿಸಿ ಹರವಿದಂತೆ. ಲ್ಯಾಂಬರ್ಟನ ಶಂಕುವಿನಲ್ಲಿ ಕೋನ ಕೆಡುವುದಿಲ್ಲ. ಅದನ್ನ ಅವನು ಕಂಡುಕೊಂಡ ರೀತಿ ನನಗೆ ಬಹಳ ಇಷ್ಟ. ಮರ್ಕೇಟರನ ನಕ್ಷೆ ಒಂದು ತುದಿ, ಧ್ರುವವನ್ನ ನಡುವೆ ಇಟ್ಟು ಚಕ್ರದಂತೆ ಹರವುವ ಹಳೆಯ ಗ್ರೀಕ್ ನಕ್ಷೆ ಇನ್ನೊಂದು ತುದಿ. ಎರಡೂ ಕೋನ ಉಳಿಸುತ್ತವೆ. ಹಾಗಾದರೆ ನಡುವೆ ಏನಿರಬೇಕು ಅಂತ ಕೇಳಿದ, ಉತ್ತರ ಶಂಕು ಬಂತು. ನೆಟ್ಟಗೆ ಇಳಿಯುವ ಪರಕಾರ ಒಂದು ತುದಿ, ಪೂರ್ತಿ ಚಕ್ರಾಕಾರ ಹರಡುವ ಅಂಬ್ರೆಲಾ ಲಂಗ ಇನ್ನೊಂದು ತುದಿ, ನಡುವೆ ಬೇಕಾದಷ್ಟು ಘೇರಿನ ಲಂಗ. ಇದನ್ನ ಬರೀ ಹೋಲಿಕೆಗೆ ಅಂತ ಹೇಳುತ್ತಿಲ್ಲ. ಹೊಲಿಗೆಗೆ ಕೂತಿದ್ದ ಹುಡುಗನ ಕೈಗೆ ಈ ವಿಷಯ ಗೊತ್ತಿತ್ತು ಅಂತ ನಾನು ನಂಬಿದ್ದೇನೆ. ಪುರಾವೆ ಇಲ್ಲ, ನನ್ನ ನಂಬಿಕೆ ಅಷ್ಟೇ.

ಈ ಶಂಕು ಬಹಳ ಕಾಲ ಪುಸ್ತಕದಲ್ಲೇ ಮಲಗಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯ ಅದನ್ನ ಎಬ್ಬಿಸಿತು. ಫಿರಂಗಿ ಗುರಿ ಇಡಬೇಕಾದವರಿಗೆ ಕೋನ ಮುಖ್ಯ, ಪಕ್ಕದ ಹಾಳೆಗೆ ಹೋದರೂ ಕೋನ ಕೆಡಬಾರದು. ಜನಕ್ಕೆ ಉಪಕಾರವಾಗಲಿ ಅಂತ ಯಾರೂ ಎಬ್ಬಿಸಲಿಲ್ಲ ಅನ್ನೋದು ನೆನಪಿರಲಿ. ಭಾರತದ ಸರ್ವೆಯವರೂ ಲ್ಯಾಂಬರ್ಟನ ಶಂಕುಗಳ ಮೇಲೆ ಗ್ರಿಡ್ ಹೆಣೆದರು. ಶಂಕು ಪೂರ್ವ ಪಶ್ಚಿಮಕ್ಕೆ ಎಷ್ಟು ಉದ್ದ ಇದ್ದರೂ ತಾಳಿಕೊಳ್ಳುತ್ತದೆ, ಉತ್ತರ ದಕ್ಷಿಣ ಉದ್ದವಾದರೆ ತಪ್ಪು ಬೆಳೆಯುತ್ತದೆ. ನಮ್ಮ ದೇಶವೋ 8 ಡಿಗ್ರಿಯಿಂದ 37 ಡಿಗ್ರಿವರೆಗೆ. ಒಂದು ಶಂಕು ಸಾಲದು, ವಲಯ ಮಾಡಲೇಬೇಕು. ನಮ್ಮ ಮುಂಬಯಿಯ ವಲಯದ ನಡುಗೆರೆ 19 ಡಿಗ್ರಿ ಅಕ್ಷಾಂಶ. ಅದು ಪರೇಲಿನ ಹತ್ತಿರ ಹಾದುಹೋಗುತ್ತದೆ, ಕುರ್ಲಾಕ್ಕೆ ಲೋಕಲಿನಲ್ಲಿ ಕೆಲವೇ ಸ್ಟೇಷನ್ನು. ಅದರ ದಕ್ಷಿಣದ ವಲಯದ ನಡುಗೆರೆ 12 ಡಿಗ್ರಿ, ಚಾಮರಾಜನಗರ ಜಿಲ್ಲೆಯ ಮೇಲೆ. ಎರಡೂ ವಲಯ ಕೂಡುವುದು 15 ಡಿಗ್ರಿ ಸುಮಾರಿಗೆ. ಅಂದರೆ ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಮುಂಬಯಿಯ ಶಂಕುವಿನ ಮೇಲೆ, ದಾವಣಗೆರೆ, ಬೆಂಗಳೂರು, ಮಂಗಳೂರು ತೆಂಕಣ ಶಂಕುವಿನ ಮೇಲೆ. 1956ಕ್ಕೆ ಮುಂಚಿನ ಮುಂಬಯಿ ಕರ್ನಾಟಕ, ಮೈಸೂರು ನೆನಪಾಗುತ್ತದೆ. ಆದರೆ ಇದು ಆ ಗಡಿ ಅಲ್ಲ. ಮುಂಬಯಿ ಪ್ರಾಂತದಲ್ಲಿದ್ದ ಕಾರವಾರ ದಕ್ಷಿಣಕ್ಕೆ ಬೀಳುತ್ತದೆ, ಮದರಾಸಿನ ಬಳ್ಳಾರಿ ಉತ್ತರಕ್ಕೆ. ಅಕ್ಷಾಂಶಕ್ಕೆ ನಮ್ಮ ಚಳವಳಿ ಗೊತ್ತಿಲ್ಲ.

ಇನ್ನೊಂದು ಸ್ವಾರಸ್ಯ. ವಲಯದ ಅಂಚಿನಲ್ಲಿ ಹಿಗ್ಗು ಹೆಚ್ಚಾಗದಿರಲಿ ಅಂತ ನಡುಗೆರೆಯಲ್ಲೇ ಅಳತೆಯನ್ನ 824ಕ್ಕೆ ಒಂದರಷ್ಟು ಕುಗ್ಗಿಸಿದ್ದಾರೆ. ಅಲ್ಲಿಂದ ಮೇಲೆ ಕೆಳಗೆ ಸರಿದಂತೆ ಹಿಗ್ಗುತ್ತಾ ಹೋಗಿ, ಸುಮಾರು ಮೂರು ಡಿಗ್ರಿ ದೂರದಲ್ಲಿ ಅಳತೆ ನಿಜಕ್ಕೆ ಕೂಡುತ್ತದೆ. 19ರಿಂದ ಕೆಳಗೆ ಮೂರು ಡಿಗ್ರಿ ಅಂದರೆ 16, ಅಂದರೆ ಬಾಗಲಕೋಟೆಯ ಆಸುಪಾಸು. ಕುರ್ಲಾದಲ್ಲಿ ನಮ್ಮ ಓಣಿ ಆ ಗ್ರಿಡ್ಡಿನ ಮೇಲೆ 824 ಅಡಿಗೆ ಒಂದು ಅಡಿ ಕಡಿಮೆ. ಗುಳೇದಗುಡ್ಡ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇದೆ. ಲೆಕ್ಕ ಹಾಕಿ ನೋಡಿ ನಾನೇ ಎರಡು ಸಲ ತಾಳೆ ಮಾಡಿದೆ. ಇದನ್ನ ಊರಿನ ಅಭಿಮಾನಕ್ಕೆ ಬಳಸಿಕೊಳ್ಳಬೇಡಿ, ಮಾಲವಣ ಪಕ್ಕದ ಕಡಲಿಗೂ ಅದೇ ಅನುಕೂಲ ಸಿಕ್ಕಿದೆ.

ಎರಡನೆಯದು ಅಡ್ಡ ಮಲಗಿಸಿದ ಮರ್ಕೇಟರ್. ಮರ್ಕೇಟರನ ಕೊಳವೆ ಸಮಭಾಜಕವನ್ನ ತಬ್ಬಿಕೊಂಡಿತ್ತು. ಲ್ಯಾಂಬರ್ಟ್ ಆ ಕೊಳವೆಯನ್ನ ಪಕ್ಕಕ್ಕೆ ಉರುಳಿಸಿ ಒಂದು ರೇಖಾಂಶವನ್ನ ತಬ್ಬುವಂತೆ ಮಾಡಿದ. ಆ ರೇಖಾಂಶದ ಎಡಬಲಕ್ಕೆ ಸ್ವಲ್ಪ ದೂರ ನಕ್ಷೆ ಬಹಳ ಚೆನ್ನಾಗಿರುತ್ತದೆ, ಮುಂದೆ ಹೋದರೆ ಕೆಡುತ್ತದೆ. ಹಾಗಾಗಿ ಲೋಕವನ್ನ ಕಿತ್ತಳೆಯ ತೊಳೆಯಂತೆ ಆರಾರು ಡಿಗ್ರಿಯ ಅರವತ್ತು ಪಟ್ಟಿ ಮಾಡಿ, ಪ್ರತಿ ಪಟ್ಟಿಗೂ ಒಂದು ಕೊಳವೆ ಇಡುವ ಪದ್ಧತಿ ಬಂತು. ಅದಕ್ಕೆ ಯುಟಿಎಂ ಅಂತಾರೆ. 2005ರ ರಾಷ್ಟ್ರೀಯ ನಕ್ಷಾ ನೀತಿಯ ಪ್ರಕಾರ ಸರ್ವೆ ಆಫ್ ಇಂಡಿಯಾ ಜನರಿಗೆ ಕೊಡುವ ನಕ್ಷೆಗಳು ಈ ಪದ್ಧತಿಯವು. ನಮ್ಮದು 43ನೇ ಪಟ್ಟಿ, 72ರಿಂದ 78 ಡಿಗ್ರಿ. ನಡುವಿನ 75 ಡಿಗ್ರಿ ರೇಖಾಂಶ ಎಲ್ಲಿ ಹೋಗುತ್ತದೆ ಗೊತ್ತೇ? ಧಾರವಾಡದ ಮೇಲೆ. ಅಲ್ಲಿ ಅಳತೆ 2500ಕ್ಕೆ ಒಂದು ಕಡಿಮೆ. ನಮ್ಮ ಕುರ್ಲಾ ಪಟ್ಟಿಯ ಪಶ್ಚಿಮ ಅಂಚಿನ ಹತ್ತಿರ ಇರುವುದರಿಂದ ಐದು ಸಾವಿರಕ್ಕೆ ಒಂದರ ಸುಮಾರಿಗೆ ಹೆಚ್ಚು. ಶಂಕುವಿನ ಮೇಲೆ ಕುಗ್ಗಿದ ಕುರ್ಲಾ ಕೊಳವೆಯ ಮೇಲೆ ಹಿಗ್ಗುತ್ತದೆ. ಎರಡೂ ಒಬ್ಬನದೇ ಲೆಕ್ಕ, ಎರಡೂ ಸರಿ. ಇದರ ತೊಂದರೆ ಪಟ್ಟಿಯ ಅಂಚಿನಲ್ಲಿ: 78 ಡಿಗ್ರಿ ದಾಟಿದರೆ 44ನೇ ಪಟ್ಟಿ. ಕೋಲಾರ, ಬಂಗಾರಪೇಟೆ, ಮುಳಬಾಗಿಲು ಆ ಕಡೆ, ಬೆಂಗಳೂರು ಈ ಕಡೆ. ಕರ್ನಾಟಕವನ್ನ ಒಂದೇ ಹಾಳೆಯಲ್ಲಿ ಇಡುವವನು ಈ ಸೀಳನ್ನ ಹೇಗೋ ಹೊಲಿಯಬೇಕು.

ಹೊಲಿಗೆ ಅಂದಾಗ ಇನ್ನೊಂದು ಮಾತು. ಸರ್ವೆಯ ಹಳೆಯ ಹಾಳೆಗಳು ಪಾಲಿಕೋನಿಕ್ ಪ್ರಕ್ಷೇಪದವು, ಅದು ಲ್ಯಾಂಬರ್ಟನದಲ್ಲ. ಪ್ರತಿ ಹಾಳೆಗೂ ಅದರದ್ದೇ ಆದ ನಡುಗೆರೆ, ಹಾಗಾಗಿ ಒಂದೊಂದೇ ನೋಡಿದರೆ ತಪ್ಪು ಕಣ್ಣಿಗೆ ಕಾಣೋದೇ ಇಲ್ಲ. ಕುರ್ಲಾ ಇರುವ ಹಾಳೆ 47 ಎ/16. ಇಂಥ ಸಣ್ಣ ಹಾಳೆ ಜೋಡಿಸಿದರೆ ಏನೂ ತಿಳಿಯದು. ನಾಲ್ಕು ನಾಲ್ಕು ಡಿಗ್ರಿಯ ದೊಡ್ಡ ಹಾಳೆ ನಾಲ್ಕನ್ನ ಒಂದು ಮೂಲೆಗೆ ಕೂಡಿಸಿ ನೋಡಿ, ಮೂರು ಅಂಚು ಕೂಡಿಸುವಷ್ಟರಲ್ಲಿ ನಾಲ್ಕನೆಯದು ಒಂದೆರಡು ಮಿಲಿಮೀಟರು ಬಾಯಿ ಬಿಡುತ್ತದೆ.

ಮೂರನೆಯದರ ಕಥೆ ನಮ್ಮ ಮಂಡಲದವರಿಗೆ ಗೊತ್ತು, ಯಾಕೆಂದರೆ ಜಗಳ ನಡೆದದ್ದು ನಮ್ಮ ಕೋಣೆಯಲ್ಲೇ. ಗೆಳೆಯನೊಬ್ಬ ಪೀಟರ್ಸ್ ನಕ್ಷೆಯ ಪ್ರತಿ ತಂದು ಗೋಡೆಗೆ ಅಂಟಿಸಿ, ಇದೇ ಬಡವರ ದೇಶಗಳ ನಿಜವಾದ ನಕ್ಷೆ, ಮರ್ಕೇಟರನದು ಬಿಳಿಯರ ಕುತಂತ್ರ ಅಂದ. ಅವನಿಗಿಂತ ಜೋರಾಗಿ ನಾನೇ ಕೂಗಿದೆ. 1970ರ ದಶಕದಲ್ಲಿ ಜರ್ಮನಿಯ ಆರ್ನೋ ಪೀಟರ್ಸ್ ಹಬ್ಬಿಸಿದ ಆ ನಕ್ಷೆ ವಿಸ್ತೀರ್ಣ ಉಳಿಸುತ್ತದೆ ನಿಜ. ಆದರೆ ಅದನ್ನೇ ಸ್ಕಾಟ್‌ಲ್ಯಾಂಡಿನ ಗಾಲ್ ಎಂಬ ಪಾದ್ರಿ 1855ರಲ್ಲಿ ಮಾಡಿದ್ದ. ಆ ಬಗೆಯ ಸಮವಿಸ್ತೀರ್ಣದ ಕೊಳವೆ ನಕ್ಷೆಯನ್ನ ಲ್ಯಾಂಬರ್ಟ್ 1772ರಲ್ಲೇ ಕೊಟ್ಟಿದ್ದ. ವಿಸ್ತೀರ್ಣ ಉಳಿಸಿದ್ದಕ್ಕೆ ಆಕಾರ ಹೋಗಲೇಬೇಕಲ್ಲ? ಪೀಟರ್ಸ್ ನಕ್ಷೆಯಲ್ಲಿ ಸಮಭಾಜಕದ ಹತ್ತಿರದ ದೇಶಗಳು ಅಗಲಕ್ಕೆ ಹೋಲಿಸಿದರೆ ಎರಡು ಪಟ್ಟು ಉದ್ದವಾಗುತ್ತವೆ. ಮೊದಲೇ ಉದ್ದವಾಗಿರುವ ನಮ್ಮ ಕರ್ನಾಟಕವನ್ನ ಅದರಲ್ಲಿ ನೋಡಿದರೆ ಬೀದರಿನಲ್ಲಿ ಹಿಡಿದು ಚಾಮರಾಜನಗರದಲ್ಲಿ ಎಳೆದಂತಿದೆ. ಮರ್ಕೇಟರ್ ನಕ್ಷೆಯನ್ನ ಶಾಲೆಯ ಗೋಡೆಗೆ ತೂಗುಹಾಕಿದ್ದು ತಪ್ಪು, ಅದು ಹಡಗಿನ ನಕ್ಷೆ. ಅಷ್ಟು ದೂರ ಗೆಳೆಯನ ಮಾತು ಈಗಲೂ ಒಪ್ಪುತ್ತೇನೆ. ಆದರೆ ಸಂಜೆ ನಾವೆಲ್ಲಾ ಮೊಬೈಲಿನಲ್ಲಿ ಓಣಿ ಹುಡುಕುವಾಗ ನಮಗೆ ಬೇಕಾದದ್ದು ಗಲ್ಲಿಯ ತಿರುವು ತಿರುವಿನಂತೆ ಕಾಣುವುದು, ಅದಕ್ಕೆ ಹೆಚ್ಚಾಗಿ ಬಳಕೆಯಲ್ಲಿರುವುದು ಮರ್ಕೇಟರನದೇ ಒಂದು ಬಗೆ. ಊರಿಗೆ ಎಷ್ಟು ನೆಲ, ಯಾರಿಗೆ ಎಷ್ಟು ಕಾಡು ಅಂತ ಲೆಕ್ಕ ಹಾಕುವಾಗ ಅದನ್ನ ಮುಟ್ಟಬಾರದು, ಆಗ ಲ್ಯಾಂಬರ್ಟನ ಸಮವಿಸ್ತೀರ್ಣ ಬೇಕು. ಯೂರೋಪಿನ ಅಂಕಿಅಂಶದ ನಕ್ಷೆಗಳಿಗೆ ಅವನ ಇನ್ನೊಂದು ಸಮವಿಸ್ತೀರ್ಣ ಪ್ರಕ್ಷೇಪ ಇಂದಿಗೂ ನಡೆಯುತ್ತಿದೆ. ಗೆಳೆಯನ ಹತ್ತಿರ ಇಷ್ಟು ಹೇಳಲು ನನಗೆ ಒಂದು ತಿಂಗಳು ಬೇಕಾಯಿತು.

ಲ್ಯಾಂಬರ್ಟ್ ಮದುವೆಯಾಗಲಿಲ್ಲ. ಬರ್ಲಿನ್ನಿನ ಖಗೋಳ ವಾರ್ಷಿಕ ಪಂಚಾಂಗವನ್ನ ಶುರು ಮಾಡಿ, ಬೋಡೆ ಎಂಬ ತರುಣನನ್ನ ಜೊತೆಗೆ ಸೇರಿಸಿಕೊಂಡ. ಅದು ಆಮೇಲೆ ನೂರೆಂಬತ್ತು ವರ್ಷ ಮೀರಿ ನಡೆಯಿತು. ಎದೆಯ ರೋಗ ಹಿಡಿಯಿತು. 1777ರ ಸೆಪ್ಟೆಂಬರ್ 25ರಂದು ಬರ್ಲಿನ್ನಿನಲ್ಲಿ ತೀರಿಕೊಂಡಾಗ ವಯಸ್ಸು 49. ಕಾಂಟ್ ತನ್ನ ದೊಡ್ಡ ಗ್ರಂಥವನ್ನ ಇವನಿಗೆ ಅರ್ಪಿಸುವ ಮನಸ್ಸು ಮಾಡಿದ್ದನೆಂದು ಹೇಳುತ್ತಾರೆ. ಅದು ಹೊರಬಂದದ್ದು 1781ರಲ್ಲಿ.

ಈ ಲೇಖನವನ್ನ ಸ್ಟೆನ್ಸಿಲ್ಲಿಗೆ ಕೊಡುವ ಮುಂಚೆ ಅಂಗಡಿಯಲ್ಲಿ ಕೂತು ಅಪ್ಪನಿಗೆ ಓದಿದೆ. ಶಂಕು, ಲಂಗದ ಘೇರಿನ ಭಾಗಕ್ಕೆ ತಲೆ ಹಾಕಿದ. ಬಾಗಲಕೋಟೆಯ ಅಳತೆ ನಿಜಕ್ಕೆ ಕೂಡುತ್ತದೆ ಅಂದಾಗ ಮಷೀನು ನಿಲ್ಲಿಸಿ ಇನ್ನೊಮ್ಮೆ ಓದಿಸಿಕೊಂಡ. ಕೊನೆಗೆ ಅವನು ಕೇಳಿದ್ದು ಒಂದೇ: ದೊರೆಯ ಮುಂದೆ ಹೋದಾಗ ಆ ಹುಡುಗನ ಅಂಗಿ ಅಷ್ಟೊಂದು ಕೆಟ್ಟದಾಗಿತ್ತಾ. ಹೌದು, ಹಾಗಂತಾರೆ ಅಂದೆ. ದರ್ಜಿಯ ಮನೆ ಮಕ್ಕಳ ಮೈಮೇಲೆ ಎಂದೂ ನೆಟ್ಟಗಿನ ಅಂಗಿ ಇರೋದಿಲ್ಲ ಬಿಡು ಅಂದು, ನನ್ನ ಅಂಗಿಯ ಮೂರನೇ ಗುಂಡಿ ಕಿತ್ತುಹೋಗಿದ್ದನ್ನ ಬೆರಳು ಮಾಡಿ ತೋರಿಸಿ, ಸೂಜಿಗೆ ದಾರ ಪೋಣಿಸಿದ.